ಮನೆಯ ಪೆಟ್ಟಿಗೆಯ ಬೆಳ್ಳಿ ರೂಪಾಯಿ: ಹಾಲಿ, ಕಲ್ದಾರ್ ಮತ್ತು ಅಚ್ಚಿನ ಭೇದ ಗುರುತಿಸುವ ಬಗೆ



ಹಿಂದಿನ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಾರಾಯಣಖೇಡ ಕಡೆಯ ಹಿರಿಯ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಬಟ್ಟೆಯ ಗಂಟು ಬಿಚ್ಚಿದರು. ಒಳಗೆ 23 ಬೆಳ್ಳಿ ರೂಪಾಯಿ. "ತಮ್ಮಾ, ನೀ ಕಚೇರ್ಯಾಗ ಲೆಕ್ಕಾ ಬರದಾಂವ. ಇವು ಏನಂತ ನೋಡಿ ಹೇಳಪ್ಪಾ. ಅಂಗಡ್ಯಾಂವ ಅರ್ಧಾ ಬೆಳ್ಳಿ, ಅರ್ಧಾ ತಾಮ್ರ ಅಂತ ಒಂದೇ ಮಾತು ಅಂದಾನ. ಮೊಮ್ಮಗನ ಕಾಲೇಜಿನ ಫೀಸ್ ಕಟ್ಟಬೇಕಾಗ್ಯದ" ಎಂದರು. ನಾಣ್ಯ ನನಗೆ ಹೊಸದಲ್ಲ. ನಿವೃತ್ತಿಯಾದ ಮೇಲೆ ಹಿಡಿಸಿಕೊಂಡ ಹವ್ಯಾಸ ಅದು. ಆದರೂ ಎಲ್ಲರ ಎದುರು ಬಾಯಿಮಾತಿನಲ್ಲಿ ಹೇಳುವುದು ಬೇಡ ಎಂದು ಮನೆಗೆ ಬರಹೇಳಿ ಒಂದೊಂದನ್ನೂ ತೂಗಿ ಕಾಗದದ ಮೇಲೆ ಬರೆದೆ. ಆಗ ಬರೆದದ್ದನ್ನೇ ಈಗ ಎಲ್ಲರಿಗೂ ಉಪಯೋಗವಾಗಲೆಂದು ವಿಸ್ತರಿಸಿ ಕೊಡುತ್ತಿದ್ದೇನೆ. ಜಹೀರಾಬಾದ್, ತಾಂಡೂರು, ಕೊಡಂಗಲ್ ಕಡೆಯ ಸದಸ್ಯರ ಮನೆಗಳಲ್ಲೂ ಇಂಥ ಗಂಟುಗಳು ಇವೆಯೆಂದು ಗೊತ್ತು. ಲಕ್ಷ್ಮೀಪೂಜೆಯ ದಿನ ಹೊರಗೆ ಬಂದು ಮರುದಿನ ಒಳಗೆ ಹೋಗುವ ಗಂಟುಗಳು.

ಮೊದಲು ಆ ಅಕ್ಕನ ಲೆಕ್ಕ. 23ರಲ್ಲಿ 12 ಹಾಲಿ ಸಿಕ್ಕಾ, ಅಂದರೆ ನಿಜಾಮ ಸರ್ಕಾರದ ರೂಪಾಯಿ. ಉಳಿದ 11 ಕಲ್ದಾರ್, ಅಂದರೆ ಇಂಗ್ಲಿಷ್ ಸರ್ಕಾರದ್ದು. ಆ 11ರಲ್ಲಿ 3 ಮಾತ್ರ 1940ರ ನಂತರದವು. ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ನೂರಕ್ಕೆ 81.8 ಭಾಗ ಬೆಳ್ಳಿ, ಅಂದರೆ 9.14 ಗ್ರಾಂ. ಹಳೆಯ ಕಲ್ದಾರ್ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.69 ಗ್ರಾಂ. 1940ರಿಂದ 1945ರವರೆಗಿನ ಕಲ್ದಾರ್ ತೂಕ ಅಷ್ಟೇ, ಬೆಳ್ಳಿ ಮಾತ್ರ ಅರ್ಧ, 5.83 ಗ್ರಾಂ. ಕೂಡಿಸಿದರೆ 109.7, 85.5, 17.5, ಒಟ್ಟು 212.7 ಗ್ರಾಂ ಶುದ್ಧ ಬೆಳ್ಳಿ. ಅಂಗಡಿಯವನ "ಅರ್ಧಾ ಬೆಳ್ಳಿ" ಮಾತಿನಂತೆ ಹೋದರೆ 262 ಗ್ರಾಂ ತೂಕಕ್ಕೆ 131 ಗ್ರಾಂ. ಸವೆದುಹೋದದ್ದಕ್ಕೆ ಸ್ವಲ್ಪ ಬಿಟ್ಟರೂ ಹತ್ತಿರ ಹತ್ತಿರ 80 ಗ್ರಾಂ ಬೆಳ್ಳಿ ಅಕ್ಕನ ಕೈತಪ್ಪುತ್ತಿತ್ತು. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮೂರು ನಾಣ್ಯಕ್ಕೆ ಅದು ನಿಜ, ಇಪ್ಪತ್ತಕ್ಕೆ ಸುಳ್ಳು. ಇದು ಬರೀ ಬೆಳ್ಳಿಯ ಲೆಕ್ಕ. ಅಚ್ಚಿನ ಭೇದದಿಂದ ಬರುವ ಬೆಲೆ ಇದರ ಮೇಲೆ.

ಎರಡು ಸರ್ಕಾರದ ದುಡ್ಡು ಒಂದೇ ಗಂಟಿನಲ್ಲಿ

ಹೊಸ ತಲೆಮಾರಿನವರು ಕೇಳುತ್ತಾರೆ, ಎರಡು ಬಗೆಯ ರೂಪಾಯಿ ಒಂದೇ ಮನೆಯಲ್ಲಿ ಹೇಗೆ ಎಂದು. ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಕೊಡಂಗಲ್, ತಾಂಡೂರು ತಾಲೂಕುಗಳು ಕಲಬುರಗಿ ಜಿಲ್ಲೆಗೆ, ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಲಬುರಗಿ, ಬೀದರ ಆಚೆ ಹೋದವು, ನಾವು ಈಚೆ ಉಳಿದೆವು. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಒಂದು ಮಾತ್ರ ಬೀದರಿಗೆ ಹೋಯಿತು. ಆ ಕಥೆ ಎಲ್ಲರಿಗೂ ಗೊತ್ತು. ಸಂತೆಯಲ್ಲಿ, ಕಚೇರಿಯಲ್ಲಿ ನಡೆಯುತ್ತಿದ್ದುದು ಹಾಲಿ. ಆದರೆ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತಾಂಡೂರಿನ ಮೇಲೆ ರೈಲು ಬಂತು. ವಾಡಿಯ ಆಚೆ ಬೊಂಬಾಯಿ ರೈಲು, ಅಲ್ಲಿ ಕಲ್ದಾರ್. ಹತ್ತಿ, ಕಾಳು ಮಾರಲು ಸೊಲ್ಲಾಪುರದ ಕಡೆ ಹೋದವರು ಕಲ್ದಾರ್ ತಂದರು.

ಹಾಲಿ ಅಂದರೆ ಈಗ ಚಾಲ್ತಿಯಲ್ಲಿರುವುದು. ಕಲ್ದಾರ್ ಅಂದರೆ ಕಲ್, ಯಂತ್ರದಲ್ಲಿ ಅಚ್ಚಾದದ್ದು. ಎರಡರ ನಡುವೆ ಬಟಾವಿನ ದರ ಇತ್ತು. 100 ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಬಿಡಿಸಿ ಹೇಳಿದರೆ ಆರು ಕಲ್ದಾರಿಗೆ ಏಳು ಹಾಲಿ. ಮೇಲೆ ಕೊಟ್ಟ ಬೆಳ್ಳಿಯ ಲೆಕ್ಕ ನೋಡಿ: ಏಳು ಹಾಲಿಯಲ್ಲಿ 64 ಗ್ರಾಂ, ಆರು ಕಲ್ದಾರಿನಲ್ಲಿ 64 ಗ್ರಾಂ ಚಿಲ್ಲರೆ. ದರ ಸುಮ್ಮನೆ ಬಂದದ್ದಲ್ಲ. ಹಳೆಯ ದಪ್ತರಗಳಲ್ಲಿ ಮೊತ್ತದ ಮುಂದೆ ಓ.ಎಸ್. ಎಂದಿದ್ದರೆ ಉಸ್ಮಾನಿಯಾ ಸಿಕ್ಕಾ, ಐ.ಜಿ. ಅಥವಾ ಬಿ.ಜಿ. ಎಂದಿದ್ದರೆ ಕಲ್ದಾರ್. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರೆಕಾರ್ಡ್ ರೂಮಿನ ಇಂಥ ಕಾಗದ ನೋಡಿ ಓ.ಎಸ್. ಎಂದರೆ ಯಾವುದೋ ಅಧಿಕಾರಿಯ ಹೆಸರು ಎಂದುಕೊಂಡಿದ್ದೆ. ಹಿರಿಯ ಗುಮಾಸ್ತರು ನಕ್ಕು ತಿದ್ದಿದರು. ಭಾರತದ ರೂಪಾಯಿ 1950ರಲ್ಲಿ ಬಂದ ಮೇಲೂ ಹಾಲಿ ಕೆಲವು ವರ್ಷ ಜೊತೆಗೆ ನಡೆದು 1959ರಲ್ಲಿ ನಿಂತಿತು.

ಇನ್ನೂ ಹಿಂದೆ ಹೋದರೆ ಗದ್ವಾಲ, ವನಪರ್ತಿ, ನಾರಾಯಣಪೇಟೆ, ನಮ್ಮ ಸುರಪುರ, ಕಲ್ಯಾಣಗಳಲ್ಲೂ ಟಂಕಸಾಲೆಗಳಿದ್ದವು. 1853ರಿಂದ 1883ರವರೆಗೆ ದಿವಾನರಾಗಿದ್ದ ಮೊದಲನೇ ಸಾಲಾರ್ ಜಂಗ್ ಈ ಊರೂರಿನ ಟಂಕಸಾಲೆಗಳಿಗೆ ಕಡಿವಾಣ ಹಾಕಿ ಹೈದರಾಬಾದಿನಲ್ಲೇ ನಾಣ್ಯ ಹೊಡೆಸುವ ವ್ಯವಸ್ಥೆ ತಂದರು. ಆ ಕಾಲದ ನಾಣ್ಯ ಸುತ್ತಿಗೆ ಹೊಡೆತದ್ದು. ಬಿಲ್ಲೆಗಿಂತ ಅಚ್ಚು ದೊಡ್ಡದು, ಹೀಗಾಗಿ ಅರ್ಧ ಅಕ್ಷರ ನಾಣ್ಯದ ಹೊರಗೇ ಉಳಿಯುತ್ತಿತ್ತು. ಒಂದೊಂದು ಅಚ್ಚನ್ನೂ ಕೈಯಲ್ಲೇ ಕೊರೆಯುತ್ತಿದ್ದರು, ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. 1858ರ ನಂತರ ಮೊಗಲ್ ಬಾದಶಹರ ಹೆಸರು ಹೋಗಿ ನಿಜಾಮರ ಬಿರುದು, ಜೊತೆಗೆ 92 ಎಂಬ ಅಂಕಿ ಬಂತು. ಪೈಗಂಬರರ ಹೆಸರಿನ ಅಕ್ಷರಗಳ ಎಣಿಕೆ ಅದು, ವರ್ಷವಲ್ಲ. 92 ನೋಡಿ 1892 ಎಂದು ತಿಳಿದವರನ್ನು ನಾನೇ ಕಂಡಿದ್ದೇನೆ. ಇಂಥ ನಾಣ್ಯಗಳ ಅಚ್ಚಿನ ಭೇದ ಎಣಿಸಲು ಕೂರುವುದು ಜೋಳದ ಕಾಳು ಎಣಿಸಿದಂತೆ. ನಮ್ಮ ಕೆಲಸ ಯಂತ್ರದ ನಾಣ್ಯದಿಂದ ಶುರು.

ಚಾರ್‌ಮಿನಾರ್ ರೂಪಾಯಿ

ಹೈದರಾಬಾದ್ ಟಂಕಸಾಲೆಗೆ 1895ರಲ್ಲಿ ಯುರೋಪಿನಿಂದ ಯಂತ್ರಗಳು ಬಂದವು, 1903ರಲ್ಲಿ ಅದು ಸೈಫಾಬಾದಿಗೆ ಸ್ಥಳಾಂತರವಾಯಿತು. ಚಾರ್‌ಮಿನಾರ್ ಚಿತ್ರದ ರೂಪಾಯಿ ಶುರುವಾದದ್ದೂ ಆ ಹೊತ್ತಿಗೇ, ಹಿಜರಿ 1321. ಒಂದು ಬದಿಗೆ ನಡುವೆ ಚಾರ್‌ಮಿನಾರ್, ಸುತ್ತ ನಿಜಾಮರ ಬಿರುದು, ಕೆಳಗೆ ಹಿಜರಿ ವರ್ಷ. ಇನ್ನೊಂದು ಬದಿಗೆ ನಡುವೆ ಬೆಲೆ, ಸುತ್ತ ಹೈದರಾಬಾದ್ ಟಂಕಸಾಲೆಯ ಹೆಸರು, ಪಟ್ಟಕ್ಕೆ ಬಂದ ಎಷ್ಟನೇ ವರ್ಷ ಎಂಬ ಅಂಕಿ.

ಯಾವ ನಿಜಾಮರದ್ದು ಎಂದು ತಿಳಿಯಲು ಬಿರುದು ಓದುವ ಅಗತ್ಯವಿಲ್ಲ. ಚಾರ್‌ಮಿನಾರಿನ ನಡುವಿನ ಬಾಗಿಲಲ್ಲಿ ಒಂದು ಅಕ್ಷರ ಇದೆ, ಅದನ್ನು ನೋಡಿ. ಮೀಮ್ ಇದ್ದರೆ ಆರನೇ ನಿಜಾಮ ಮಹಬೂಬ್ ಅಲಿ ಖಾನರದ್ದು. ಐನ್ ಇದ್ದರೆ ಏಳನೇ ನಿಜಾಮ ಉಸ್ಮಾನ್ ಅಲಿ ಖಾನರದ್ದು. ಉರ್ದು ಶಾಲೆಯಲ್ಲಿ ಓದಿದ ಹಿರಿಯರು ಇನ್ನೂ ಪ್ರತಿ ಊರಿನಲ್ಲಿ ಒಬ್ಬಿಬ್ಬರು ಇದ್ದಾರೆ. ಅವರಿರುವಾಗಲೇ ಹೋಗಿ ಈ ಎರಡು ಅಕ್ಷರ ಬರೆಸಿಕೊಂಡು ಬನ್ನಿ, ಎರಡು ನಿಮಿಷದ ಕೆಲಸ.

ಅಚ್ಚಿನ ಭೇದಗಳಲ್ಲಿ ನಮ್ಮ ಭಾಗದವರು ಮೊದಲು ನೋಡಬೇಕಾದದ್ದು ಈ ಐನ್ ಅಕ್ಷರವನ್ನೇ. ಉಸ್ಮಾನ್ ಅಲಿ ಖಾನರ ಮೊದಲ ವರ್ಷದ ರೂಪಾಯಿಗಳಲ್ಲಿ ಬಾಗಿಲಿನ ಐನ್ ಗಿಡ್ಡ, ಅಕ್ಷರ ಪೂರ್ತಿ ಇಲ್ಲ. ಆಮೇಲೆ ಅಚ್ಚು ತಿದ್ದಿ ಪೂರ್ಣ ಐನ್ ಹಾಕಿದರು. ಪೂರ್ಣ ಐನ್ ನಾಣ್ಯ ಮುಂದೆ ವರ್ಷಗಟ್ಟಲೆ ಬಂತು, ಗಿಡ್ಡ ಐನ್ ಅಲ್ಲಿಗೇ ನಿಂತಿತು. ನಾಣ್ಯ ಸಂಗ್ರಹಿಸುವವರು ಎರಡನ್ನೂ ಬೇರೆ ಬೇರೆ ನಂಬರಿನಲ್ಲಿ ಬರೆಯುತ್ತಾರೆ. ಒಂದೇ ಎಚ್ಚರ: ಬಾಗಿಲು ನಾಣ್ಯದ ಉಬ್ಬಿದ ನಡುಭಾಗದಲ್ಲಿದೆ, ಅಲ್ಲಿ ಸವೆತ ಜಾಸ್ತಿ. ಪೂರ್ಣ ಐನ್‌ನ ಬಾಲ ಸವೆದು ಹೋದರೆ ಗಿಡ್ಡ ಐನ್‌ನಂತೆ ಕಾಣುತ್ತದೆ. ಹಾಗೆ ಅನುಮಾನ ಬಂದರೆ ಬಾಗಿಲಿನ ಕಮಾನು, ಅದರ ಸುತ್ತಲಿನ ಗೆರೆ ಚೂಪಾಗಿವೆಯೇ ನೋಡಿ. ಕಮಾನು ಚೂಪಾಗಿದ್ದೂ ಅಕ್ಷರ ಗಿಡ್ಡವಾಗಿದ್ದರೆ ಅದು ಅಚ್ಚು. ಕಮಾನೂ ಮಂಕಾಗಿದ್ದರೆ ಸವೆತ. ಅಕ್ಕನ ಗಂಟಿನಲ್ಲಿ ಎರಡು ನಾಣ್ಯಗಳನ್ನು ಗಿಡ್ಡ ಐನ್ ಎಂದುಕೊಂಡೆ. ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿದರೆ ಒಂದು ಬರೀ ಸವೆತ.

ಅಂಕಿ ಓದುವುದು, ಮೂರು ಬಗೆಯ 1330

ಅಕ್ಷರ ಬಲದಿಂದ ಎಡಕ್ಕೆ ಓಡುತ್ತದೆ, ಅಂಕಿ ಮಾತ್ರ ನಮ್ಮಂತೆ ಎಡದಿಂದ ಬಲಕ್ಕೆ. ಒಂದು ಎಂದರೆ ನಿಂತ ಕಡ್ಡಿ. ಎರಡಕ್ಕೆ ಕಡ್ಡಿಯ ತಲೆಯಲ್ಲಿ ಒಂದು ಹಲ್ಲು ಹೆಚ್ಚು, ಮೂರಕ್ಕೆ ಎರಡು ಹಲ್ಲು ಹೆಚ್ಚು. ಸೊನ್ನೆ ಬರೀ ಚುಕ್ಕಿ. ಐದು ತಲೆಕೆಳಗಾದ ವೀಳ್ಯದೆಲೆಯಂತೆ. ಏಳು ಎತ್ತಿನ ಕೊಂಬು ಮೇಲಕ್ಕೆ ತೆರೆದಂತೆ, ಎಂಟು ಅದೇ ಕೊಂಬನ್ನು ಬೋರಲು ಹಾಕಿದಂತೆ. ನಾಣ್ಯ ತಲೆಕೆಳಗೆ ಹಿಡಿದರೆ ಏಳು ಎಂಟಾಗುತ್ತದೆ, ಎಂಟು ಏಳಾಗುತ್ತದೆ. ಚಾರ್‌ಮಿನಾರ್ ನೇರ ನಿಂತಿದೆಯೇ ನೋಡಿಕೊಂಡೇ ಓದಿ. ಒಂಬತ್ತು ನಮ್ಮ ಇಂಗ್ಲಿಷ್ ಅಂಕಿಯ ಒಂಬತ್ತಿನ ಹಾಗೇ. ನಾಲ್ಕು, ಆರು ಬರೆಯುವ ಕೈಯಂತೆ ಬದಲಾಗುತ್ತವೆ, ಅವುಗಳನ್ನು ಗೊತ್ತಿದ್ದವರಿಂದ ಕೇಳಿಕೊಳ್ಳುವುದೇ ಮೇಲು.

ಇನ್ನು ವರ್ಷ. ನಾಣ್ಯದ ಮೇಲಿರುವುದು ಹಿಜರಿ. ಅದರಲ್ಲಿ ನೂರಕ್ಕೆ ಮೂರು ಕಳೆದು 622 ಕೂಡಿಸಿದರೆ ಇಂಗ್ಲಿಷ್ ವರ್ಷ ಸಿಗುತ್ತದೆ. 1330ರಲ್ಲಿ 40 ಕಳೆದರೆ 1290, ಅದಕ್ಕೆ 622 ಕೂಡಿಸಿದರೆ 1912. ಆದರೆ ನಮ್ಮ ಮನೆಗಳ ಪಟ್ಟಾ, ಪಹಣಿ, ಕ್ರಯಪತ್ರಗಳಲ್ಲಿ ಇರುವುದು ಫಸಲಿ. ಫಸಲಿಗೆ ಬರೀ 590 ಕೂಡಿಸಬೇಕು. ಫಸಲಿ 1330 ಎಂದರೆ 1920-21. ನಾನು ಕಂದಾಯದ ಕಾಗದಗಳಲ್ಲಿ ಬೆಳೆದವನು, ಮೊದಲ ಸಲ ಹಾಲಿ ರೂಪಾಯಿ ಓದಿದಾಗ 590 ಕೂಡಿಸಿ ಎಂಟು ವರ್ಷ ತಪ್ಪಿದೆ. ಇದು ಬರೀ ಹವ್ಯಾಸದ ತಪ್ಪಲ್ಲ. ತಾಂಡೂರು ಕಡೆಯ ಒಂದು ಮನೆಯಲ್ಲಿ ಮುತ್ಯಾ ಹೊಲ ಮಾರಿ ಬಂದ ದುಡ್ಡು ಇದೇ ಎಂದು ಒಂದು ಗಂಟು ತೋರಿಸಿ ಅಣ್ಣತಮ್ಮಂದಿರು ಪಾಲು ಕೇಳುತ್ತಿದ್ದರು. ಕ್ರಯಪತ್ರದಲ್ಲಿ 1330, ನಾಣ್ಯಗಳ ಮೇಲೂ 1330ರ ಆಚೀಚಿನ ವರ್ಷ. ಒಂದು ಫಸಲಿ, ಇನ್ನೊಂದು ಹಿಜರಿ ಎಂದು ತಿಳಿದ ಮೇಲೆ ಆ ಹೊಂದಾಣಿಕೆಗೆ ಅರ್ಥ ಉಳಿಯಲಿಲ್ಲ. ಹಳೆಯ ನಾಣ್ಯ ಆಮೇಲೂ ಕೈಯಿಂದ ಕೈಗೆ ಓಡಾಡುತ್ತದೆ, ಆದ್ದರಿಂದ ಗಂಟು ಹೊಲದ್ದಲ್ಲ ಎಂದೂ ಇದರಿಂದ ಹೇಳಲಾಗದು. ನಾಣ್ಯ ಅಷ್ಟಕ್ಕೇ ಸಾಕ್ಷಿ ಎಂದು ಹೇಳಿ ಬಂದೆ. (ಮೂರನೆಯ 1330 ಒಂದಿದೆ. ಇಂಗ್ಲಿಷ್ ವರ್ಷ 1330ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್ ಹಿತ್ತಾಳೆ, ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿ ಕೈಸುಟ್ಟುಕೊಂಡದ್ದು. ಅವನ ರಾಜಧಾನಿ ದೌಲತಾಬಾದ್ ಮಹಾರಾಷ್ಟ್ರದ್ದು, ಕೊಡಂಗಲ್ ಪಕ್ಕದ ನಮ್ಮ ದೌಲತಾಬಾದ್ ಅಲ್ಲ. ಹೊರಗಿನ ನೆಂಟರು ಪ್ರತಿ ಸಲ ಕೇಳುವುದರಿಂದ ಬರೆದೆ.)

ಎರಡು ಬದಿಯ ವರ್ಷಗಳು ತಾಳೆಯಾಗುತ್ತವೆಯೇ ನೋಡುವುದು ಒಳ್ಳೆಯ ಪರೀಕ್ಷೆ. ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದದ್ದು 1911ರ ಆಗಸ್ಟ್ ಕೊನೆಗೆ, ಹಿಜರಿ 1329ರ ರಂಜಾನ್ ತಿಂಗಳಲ್ಲಿ. ಲೆಕ್ಕದ ಪ್ರಕಾರ ಯಾವುದೇ ಹಿಜರಿ ವರ್ಷದಲ್ಲಿ ರಂಜಾನಿನ ಮೊದಲು 1329 ಕಳೆದಷ್ಟು, ರಂಜಾನಿನ ನಂತರ 1328 ಕಳೆದಷ್ಟು ಪಟ್ಟದ ವರ್ಷ ಬರಬೇಕು. 1337ಕ್ಕೆ 8 ಅಥವಾ 9. ಹೀಗೆ ಒಂದೇ ಹಿಜರಿ ವರ್ಷಕ್ಕೆ ಎರಡು ಜೋಡಿ ಸಾಧ್ಯ, ಸಂಗ್ರಹಕಾರರು ಎರಡನ್ನೂ ಹುಡುಕುತ್ತಾರೆ. ಇದಕ್ಕೆ ಹೊರತಾದ ಜೋಡಿ ಕಂಡರೆ ಮೊದಲು ನಿಮ್ಮ ಓದುವಿಕೆಯ ಮೇಲೆ ಅನುಮಾನ ಪಡಿ, ಆಮೇಲೆ ನಾಣ್ಯ ನಕಲಿಯೇ ಎಂದು ನೋಡಿ, ಎರಡೂ ಅಲ್ಲವಾದರೆ ಹಳೆಯ ವರ್ಷದ ಅಚ್ಚನ್ನು ಹೊಸದರ ಜೊತೆ ಹಾಕಿ ಒತ್ತಿರಬಹುದು. ಈ ಮೂರನೆಯದು ಅಪರೂಪ.

ಅಚ್ಚು, ಗೀರು, ಬಿರುಕು

ಒಂದು ಮಾತು ಗಟ್ಟಿ ಮಾಡಿಕೊಂಡರೆ ಅರ್ಧ ವಿದ್ಯೆ ಬಂದ ಹಾಗೆ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬು. ಆದ್ದರಿಂದ ನಾಣ್ಯದ ಮೇಲೆ ಉಬ್ಬಿದ ಸಣ್ಣ ಗೆರೆ ಕಂಡರೆ ಅದು ಅಚ್ಚಿನಲ್ಲಿ ಬಿದ್ದ ಬಿರುಕು ಅಥವಾ ಗೀರು, ಟಂಕಸಾಲೆಯಲ್ಲೇ ಆದದ್ದು. ತಗ್ಗಿದ ಗೆರೆ ಕಂಡರೆ ನಾಣ್ಯ ಹೊರಗೆ ಬಂದ ಮೇಲೆ ಆದ ಗಾಯ. ಉಗುರು ಆಡಿಸಿ ನೋಡಿದರೂ ಗೊತ್ತಾಗುತ್ತದೆ, ಆದರೆ ದಯವಿಟ್ಟು ಉಗುರು ಬೇಡ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಅಕ್ಕಸಾಲಿಗರ ಹತ್ತಿರ ಇರುವಂಥದ್ದೇ.

ಅಂಕಿಯ ಹಿಂದೆ ಇನ್ನೊಂದು ಅಂಕಿಯ ನೆರಳು ಕಂಡರೆ ಎರಡು ಕಾರಣ. ಅಚ್ಚು ಮಾಡುವಾಗ ಅಂಕಿಯನ್ನು ಎರಡು ಸಲ ಹೊಡೆದಿದ್ದರೆ, ಇಲ್ಲವೆ ಹಳೆಯ ವರ್ಷದ ಮೇಲೆ ಹೊಸ ವರ್ಷ ಹೊಡೆದಿದ್ದರೆ, ಎರಡೂ ಅಂಕಿ ದುಂಡಾಗಿ, ಪೂರ್ಣ ಎತ್ತರದಲ್ಲಿ ಇರುತ್ತವೆ. ಇದು ನಿಜವಾದ ಅಚ್ಚಿನ ಭೇದ, ಆ ಅಚ್ಚಿನ ಎಲ್ಲ ನಾಣ್ಯದಲ್ಲೂ ಇರುತ್ತದೆ. ಒತ್ತುವಾಗ ಅಚ್ಚು ಸಡಿಲವಾಗಿ ಜರುಗಿದ್ದರೆ ನೆರಳು ಚಪ್ಪಟೆ, ಮೆಟ್ಟಿಲಿನಂತೆ. ಅದು ಆ ಒಂದು ನಾಣ್ಯದ ಆಕಸ್ಮಿಕ, ಅದಕ್ಕೆ ಹೆಚ್ಚಿನ ಬೆಲೆ ಇಲ್ಲ. ಹೊಸದಾಗಿ ಹವ್ಯಾಸ ಹಿಡಿದವರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಈ ಎರಡರ ವ್ಯತ್ಯಾಸ ತಿಳಿಯದೆ.

ನೋಡಲು ಟ್ಯೂಬ್‌ಲೈಟ್ ಬೇಡ. ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು ನಾಣ್ಯವನ್ನು ಓರೆ ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ಅಂಚನ್ನು ಎರಡು ಬೆರಳಿನಲ್ಲಿ ಹಿಡಿಯಿರಿ, ಮುಖ ಮುಟ್ಟಬೇಡಿ, ಕೆಳಗೆ ಒಂದು ಟವೆಲ್ ಹಾಸಿಕೊಳ್ಳಿ.

ಕಲ್ದಾರ್‌ನಲ್ಲಿ ಏನು ನೋಡಬೇಕು

ಇಲ್ಲಿ ಭೇದಗಳ ಪಟ್ಟಿ ಬಹಳ ಉದ್ದ, ಪ್ರಿಡ್ಮೋರ್ ಎಂಬವರು ದೊಡ್ಡ ಪುಸ್ತಕವನ್ನೇ ಮಾಡಿದ್ದಾರೆ. ನಮ್ಮ ಭಾಗದಲ್ಲಿ ಸಿಗುವಂಥದ್ದು ಮಾತ್ರ ಹೇಳುತ್ತೇನೆ.

1840 ಎಂದು ಬರೆದ ಕಂಪನಿ ಸರ್ಕಾರದ ರೂಪಾಯಿ. ರಾಣಿಯ ತಲೆಯ ಮೇಲೆ "ವಿಕ್ಟೋರಿಯಾ ಕ್ವೀನ್" ಎಂಬ ಬರಹ ಒಂದೇ ಕಮಾನಾಗಿ ಹರಿದಿದ್ದರೆ ಮೊದಲಿನ ಅಚ್ಚು. ಒಂದು ಪದ ಎಡಕ್ಕೆ, ಇನ್ನೊಂದು ಬಲಕ್ಕೆ ಒಡೆದಿದ್ದರೆ ನಂತರದ ಅಚ್ಚು. ವರ್ಷ ಮಾತ್ರ ಎರಡರಲ್ಲೂ 1840. ಹಿಂಬದಿಯ ಹಾರದಲ್ಲಿರುವ ಸಣ್ಣ ಕಾಯಿಗಳನ್ನು ಎಣಿಸಿ ಮತ್ತೆ ಒಳಭೇದ ಮಾಡುತ್ತಾರೆ. 1862ರ ರೂಪಾಯಿಯದೂ ಅದೇ ಕಥೆ. 1874ರವರೆಗೂ 1862 ಎಂದೇ ಹೊಡೆದರು. ಬೊಂಬಾಯಿಯವರು ಅಂಕಿಯ ಆಸುಪಾಸಿನಲ್ಲಿ ಸಣ್ಣ ಚುಕ್ಕಿಗಳನ್ನಿಟ್ಟರು. ಚುಕ್ಕಿ ಎಷ್ಟು, ಎಲ್ಲಿ, ಹಾರದ ಮೇಲಿನ ಹೂವಿನ ಎಸಳು ಬಿಚ್ಚಿದೆಯೇ ಮುಚ್ಚಿದೆಯೇ, ರಾಣಿಯ ಎದೆಯ ಮೇಲಿನ ಕಸೂತಿ ಹೇಗಿದೆ, ಇಷ್ಟನ್ನು ಬರೆದಿಟ್ಟರೆ ಯಾವ ಅಚ್ಚು ಎಂದು ಗುರುತಿಸಬಹುದು. 1862 ಬಹಳ ಸಾಮಾನ್ಯ ನಾಣ್ಯ ಎಂದು ಹೇಳಿ ಕಮ್ಮಿ ಬೆಲೆಗೆ ಕೇಳುತ್ತಾರೆ. ಚುಕ್ಕಿ ಎಣಿಸದೆ ಕೊಡಬೇಡಿ.

1911ರ ಐದನೇ ಜಾರ್ಜ್ ರೂಪಾಯಿ. ರಾಜನ ನಿಲುವಂಗಿಯ ಮೇಲೆ ಒಂದು ಸಣ್ಣ ಆನೆ ಇದೆ. ಕೊರೆದವರು ಸೊಂಡಿಲು ಗಿಡ್ಡ ಮಾಡಿದ್ದರಿಂದ ಹಂದಿಯಂತೆ ಕಂಡು ಮುಸಲ್ಮಾನರು ಆಕ್ಷೇಪಿಸಿದರು. ಸುಮಾರು 94 ಲಕ್ಷ ಹೊಡೆದಿದ್ದರೂ 7 ಲಕ್ಷದಷ್ಟು ಮಾತ್ರ ಹೊರಗೆ ಬಂದು, ಉಳಿದದ್ದು ಕರಗಿತು. 1912ರಿಂದ ಸೊಂಡಿಲು ಸರಿಯಾಯಿತು. ಅಚ್ಚಿನ ಒಂದು ಕೂದಲೆಳೆಯ ತಪ್ಪಿಗೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1939ರ ರೂಪಾಯಿ ಬಹಳ ವಿರಳ. ಅದಕ್ಕೇ 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡಿದ ನಾಣ್ಯಗಳು ಓಡಾಡುತ್ತವೆ. ಒಂಬತ್ತಿನ ಸುತ್ತ ಮೈ ಒರಟಾಗಿದೆಯೇ ನೋಡಿ. ಅಂಚಿನ ಹಲ್ಲುಗಳ ನಡುವೆ ಒಂದು ತೋಡು ಸುತ್ತಿ ಬಂದಿದ್ದರೆ ಅದು 1940ರ ನಂತರದ ಅರ್ಧ ಬೆಳ್ಳಿಯ ನಾಣ್ಯ, ಯಾವ ಅಂಕಿ ಇದ್ದರೂ ಸರಿ.

ಜಾರ್ಜ್ ರೂಪಾಯಿಗಳಲ್ಲಿ ಹಿಂಬದಿಯ ಕೆಳಗಿನ ಹೂವಿನ ಬಳಿ ಚುಕ್ಕಿ ಇದ್ದರೆ ಬೊಂಬಾಯಿ, ಏನೂ ಇಲ್ಲದಿದ್ದರೆ ಕಲ್ಕತ್ತಾ. ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರದ ವಶವಾದ ನಮ್ಮ ಹೈದರಾಬಾದ್ ಟಂಕಸಾಲೆಯ ಗುರುತು ವರ್ಷದ ಕೆಳಗಿನ ನಕ್ಷತ್ರ. ಅದನ್ನು ಮಕ್ಕಳಿಗೆ ಜೇಬಿನ ಚಿಲ್ಲರೆಯಲ್ಲೇ ತೋರಿಸಬಹುದು. ಟಂಕಸಾಲೆ 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು. ಸೈಫಾಬಾದಿನ ಹಳೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ.

ಇಂಥ ಹುಡುಕಾಟ ನಮ್ಮದೊಂದೇ ಅಲ್ಲ. ಅಮೆರಿಕದ 1878ರ ಬೆಳ್ಳಿ ಡಾಲರಿನ ಹದ್ದಿಗೆ ಮೊದಲು ಬಾಲದಲ್ಲಿ 8 ಗರಿ ಕೊರೆದು ಆಮೇಲೆ 7 ಮಾಡಿದರು. ಏಳರ ಕೆಳಗೆ ಎಂಟರ ತುದಿ ಇಣುಕುವ ಅಚ್ಚುಗಳೂ ಇವೆ. ವಾನ್ ಆಲೆನ್ ಮತ್ತು ಮ್ಯಾಲಿಸ್ ಎಂಬ ಇಬ್ಬರು ಆ ಡಾಲರಿನ ಅಚ್ಚುಗಳಿಗೆಲ್ಲ ನಂಬರ್ ಕೊಟ್ಟರು, ಇಂದಿಗೂ ಅದೇ ನಂಬರಿನಲ್ಲಿ ವ್ಯವಹಾರ. ಆಸ್ಟ್ರಿಯಾದ ಮಾರಿಯಾ ಥೆರೇಸಾ ಡಾಲರ್ ಎಲ್ಲಿ, ಯಾವಾಗ ಹೊಡೆದರೂ ವರ್ಷ 1780 ಎಂದೇ, ನಮ್ಮ 1862ರ ಹಾಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಬೊಂಬಾಯಿಯಲ್ಲೂ ಹೊಡೆದರು. ಹಾಂಗ್‌ಕಾಂಗ್, ಮಲಯ ಕಡೆಗೆಂದು 1895ರಿಂದ ಬೊಂಬಾಯಿ, ಕಲ್ಕತ್ತಾಗಳಲ್ಲಿ ಹೊಡೆದ ಬೆಳ್ಳಿ ಡಾಲರಿನಲ್ಲಿ ತ್ರಿಶೂಲದ ನಡುಮೊನೆಯಲ್ಲಿ ಬಿ ಅಕ್ಷರ ಇದ್ದರೆ ಬೊಂಬಾಯಿಯದು. ಆ ಕಡೆ ದುಡಿಯಲು ಹೋಗಿ ಬಂದವರ ಮನೆಯಲ್ಲಿ ಇದ್ದರೂ ಇರಬಹುದು.

ಮಾಡಬಾರದ್ದು

ಹುಡುಗನಾಗಿದ್ದಾಗ ಪ್ರತಿ ದೀಪಾವಳಿಗೆ ಆಯಿಯ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ಕೆಲಸ ನನ್ನದು. ಥಳಥಳ ಹೊಳೆದರೆ ಒಂದು ಲಾಡು ಹೆಚ್ಚು ಸಿಗುತ್ತಿತ್ತು. ಈಗ ಅವೇ ನಾಣ್ಯ ಕೈಯಲ್ಲಿ ಹಿಡಿದರೆ ಚಾರ್‌ಮಿನಾರಿನ ಬಾಗಿಲಲ್ಲಿ ಏನೂ ಕಾಣುವುದಿಲ್ಲ. ಮೀಮೋ ಐನೋ ಹೇಳಲಾಗದು. ಯಾವ ಕಳ್ಳನೂ ಮಾಡದ ನಷ್ಟ ನಾನೇ ಮಾಡಿದ್ದೇನೆ. ಪೂಜೆಗೆ ಇಡಿ, ಕುಂಕುಮ ಹಚ್ಚಿ, ಆಮೇಲೆ ಬರೀ ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತಿಕ್ಕಬೇಡಿ. ಕಪ್ಪು ಬಣ್ಣ ಬೆಳ್ಳಿಯ ವಯಸ್ಸು, ಕೊಳೆಯಲ್ಲ. ಕೊಂಡಿ ಬೆಸೆದ ಸರದ ರೂಪಾಯಿಯ ಕೊಂಡಿಯನ್ನೂ ಕೀಳಿಸಬೇಡಿ. ಕೀಳಿಸಿದ ಗಾಯ ಕೊಂಡಿಗಿಂತ ಕೆಟ್ಟದು.

ನಕಲಿ ನಾಣ್ಯ ಹೆಚ್ಚಾಗಿ ಎರಕದ್ದು. ಮೈಮೇಲೆ ಸಣ್ಣ ಗುಳ್ಳೆ, ಕರಗಿದ ಸಾಬೂನಿನಂಥ ಅಕ್ಷರ, ಅಂಚಿನಲ್ಲಿ ಎರಡು ಹೋಳು ಕೂಡಿದ ಗೆರೆ, ತಪ್ಪು ತೂಕ. ಅಯಸ್ಕಾಂತಕ್ಕೆ ಅಂಟಿದರೆ ಮಾತೇ ಬೇಡ. ಈಸ್ಟ್ ಇಂಡಿಯಾ ಕಂಪನಿ 1818 ಎಂದು ಬರೆದು ರಾಮದರ್ಬಾರ್, ಹನುಮಂತ ಇರುವ ತಾಮ್ರದ ಬಿಲ್ಲೆಗಳನ್ನು ಕಂಪನಿ ಎಂದೂ ಹೊಡೆದಿಲ್ಲ. ಅವು ದೇವಸ್ಥಾನದ ಬಳಿ ಮಾರುವಂಥ ಬಿಲ್ಲೆಗಳು. ಅಕ್ಕಿ ಎಳೆಯುವ ಶಕ್ತಿ ಇದೆ, ಕೋಟಿ ಬೆಲೆ ಎಂದು ಮುಂಗಡ ಕೇಳುವವರು ನಮ್ಮ ಭಾಗಕ್ಕೂ ಬರುತ್ತಾರೆ. ಅಂಥವರು ಬಂದರೆ ಪೊಲೀಸರಿಗೆ ತಿಳಿಸಿ.

ಕಾನೂನಿನ ಎರಡು ಮಾತು. ಹೊಲ ಉಳುವಾಗ, ಪಾಯ ತೋಡುವಾಗ ನೆಲದಲ್ಲಿ ನಾಣ್ಯ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ಹತ್ತು ರೂಪಾಯಿ ಮೀರಿದ ಯಾವುದಕ್ಕೂ ಇದು ಅನ್ವಯ, ಇವತ್ತು ಎಲ್ಲವೂ ಹತ್ತು ಮೀರುತ್ತದೆ. ಇನ್ನೊಂದು, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದ ಮಗನಿಗೆ, ಮಗಳಿಗೆ ನೆನಪಿಗೆಂದು ನಾಲ್ಕು ಹಾಲಿ ರೂಪಾಯಿ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ಸದಸ್ಯರು ಇದನ್ನು ಗಮನಿಸಬೇಕು. 1912ರ ಗಿಡ್ಡ ಐನ್ ಆ ಗಡಿ ದಾಟಿ ಬಹಳ ವರ್ಷ ಆಯಿತು.

ಅಕ್ಕ ಎಂಟು ಹಳೆಯ ಕಲ್ದಾರ್, ಮೂರು ಅರ್ಧ ಬೆಳ್ಳಿಯದನ್ನು ಬೇರೆ ಬೇರೆ ತೂಗಿಸಿ ಬೇರೆ ಬೇರೆ ದರಕ್ಕೆ ಕೊಟ್ಟರು. ಅಂಗಡಿಯವನು ಕಾಗದ ನೋಡಿದ ಮೇಲೆ ಹೆಚ್ಚು ಮಾತಾಡಲಿಲ್ಲವಂತೆ. ಹಾಲಿ ಹನ್ನೆರಡನ್ನು ಗಂಟು ಕಟ್ಟಿ ವಾಪಸ್ ಒಯ್ದರು. ಗಿಡ್ಡ ಐನ್‌ನದ್ದಕ್ಕೆ ಮಾತ್ರ ಬೇರೆ ಚೀಟಿ ಬರೆದು ಕೊಟ್ಟಿದ್ದೇನೆ.

ಸದಸ್ಯರು ಒಂದು ನೋಟ್‌ಬುಕ್ಕಿನಲ್ಲಿ ಒಂದು ನಾಣ್ಯಕ್ಕೆ ಒಂದು ಸಾಲಿನಂತೆ ಬರೆದಿಡಿ: ತೂಕ, ಬಾಗಿಲಿನ ಅಕ್ಷರ, ಎರಡು ಬದಿಯ ಅಂಕಿ, ಚುಕ್ಕಿ, ಅಂಚು, ಯಾರಿಂದ ಬಂತು. ಕೊನೆಯದನ್ನು ಮರೆಯಬೇಡಿ, ಅದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಮುಂದಿನ ಮಾಸಿಕ ಸಭೆಗೆ ನಾನು ತಕ್ಕಡಿ, ಭೂತಗನ್ನಡಿ ತರುತ್ತೇನೆ. ನಾಣ್ಯ ತರುವವರು ಎರಡಕ್ಕಿಂತ ಹೆಚ್ಚು ತರಬೇಡಿ, ಬಸ್ಸಿನಲ್ಲಿ ಜೋಪಾನ. ಉಳಿದದ್ದರ ಫೋಟೋ ಸಾಕು, ಎರಡೂ ಬದಿಯದು, ಓರೆ ಬೆಳಕಿನಲ್ಲಿ ತೆಗೆದದ್ದು.

ಕಾರ್ಯದರ್ಶಿ